ಬೈಪಾಸ್ ಪಕ್ಕ ಮಾಲ್ ಬರುತ್ತಿದೆಯಾ? ಬೈದುಕೊಳ್ಳುವ ಮೊದಲು ವಾಹನ ಎಣಿಸಿ

ದಾವಣಗೆರೆ ಬೈಪಾಸ್‌ನ ಯಾವುದಾದರೂ ಅಂಡರ್‌ಪಾಸ್ ಪಕ್ಕದ ಹೊಲಕ್ಕೆ ತಗಡಿನ ಬೇಲಿ ಬಿತ್ತು ಅಂದರೆ ಸಾಕು, ಮಾತು ಶುರು: ಇನ್ನು ಇಲ್ಲಿ ಓಡಾಡಿದ ಹಾಗೇ ಬಿಡಿ. ಮಾತೇನೋ ಸರಿ. ನಾನೂ ಒಮ್ಮೆ "ತುಂಬಾ ಜಾಮ್ ಆಗುತ್ತದೆ, ಕಟ್ಟಡ ನಿಲ್ಲಿಸಿ" ಅಂತ ಅರ್ಜಿ ಕೊಟ್ಟಿದ್ದೆ. ಎಷ್ಟೋ ದಿನದ ಮೇಲೆ "ಪರಿಶೀಲಿಸಲಾಗುವುದು" ಅಂತ ಒಂದೇ ಸಾಲು ಬಂತು. ತಪ್ಪು ನನ್ನದೂ ಇತ್ತು, ಅರ್ಜಿಯಲ್ಲಿ ಒಂದು ಅಂಕಿಯೂ ಇರಲಿಲ್ಲ.

ಹಾಗಾಗಿ ಮೊದಲು ಎಣಿಸಿ. ಇಬ್ಬರು ಸಾಕು, ಒಬ್ಬರು ಸರ್ವಿಸ್ ರಸ್ತೆ ಕಡೆ, ಇನ್ನೊಬ್ಬರು ಅಂಡರ್‌ಪಾಸ್ ಬಾಯಲ್ಲಿ. ಸಂಜೆ 5ರಿಂದ 8, ಪ್ರತಿ 15 ನಿಮಿಷಕ್ಕೆ ಒಂದು ಪುಟ. ನಾಲ್ಕು ಗೆರೆ ಎಳೆದು ಐದನೆಯದು ಅಡ್ಡ ಹೊಡೆಯುವ ಹಳೇ ಲೆಕ್ಕವೇ ಸಾಕು, ಆ್ಯಪ್ ಗೀಪ್ ಬೇಡ. ಬೈಕ್, ಕಾರು, ಲಾರಿ, ಟ್ರ್ಯಾಕ್ಟರ್ ಬೇರೆ ಬೇರೆ ಬರೆಯಿರಿ, ಯಾಕಂದರೆ ಇಂಜಿನಿಯರ್‌ಗಳು ವಾಹನಗಳನ್ನು ಪಿಸಿಯು ಅನ್ನುವ ಅಳತೆಯಲ್ಲಿ, ಅಂದರೆ ಒಂದು ವಾಹನ ಎಷ್ಟು ಕಾರಿಗೆ ಸಮ ಅಂತ, ಲೆಕ್ಕ ಹಾಕುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ ಕಾರಿಗೆ 1, ಬಸ್ಸು ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5. ಅಂದರೆ ಎಪಿಎಂಸಿಗೆ ಮೆಕ್ಕೆಜೋಳ ಹೊತ್ತು ಹೊರಟ 10 ಟ್ರ್ಯಾಕ್ಟರ್ ಎಂದರೆ 45 ಕಾರು! ಸುಗ್ಗಿ ಕಾಲದಲ್ಲಿ ಇನ್ನೊಮ್ಮೆ ಎಣಿಸಲೇಬೇಕು. ಬೇಸಿಗೆಯಲ್ಲಿ ಎಣಿಸಿದ ಯಾರ ಸರ್ವೆಯನ್ನೂ ನಮ್ಮೂರಿಗೆ ಒಪ್ಪಬೇಡಿ.

ಅಲ್ಲೇ ನಿಂತಾಗ ಇನ್ನೊಂದು ನೋಡಿ. ಯು-ಟರ್ನ್ ದೂರ ಇದ್ದರೆ ಬೈಕ್‌ನವರು ಸುತ್ತು ಹಾಕಲ್ಲ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದಲೇ ಬರುತ್ತಾರೆ. ಹಿಂದೆ ಮಗು, ಹ್ಯಾಂಡಲ್‌ಗೆ ತರಕಾರಿ ಚೀಲ, ಎದುರಿಗೆ ಹೆದ್ದಾರಿಯಿಂದ ಇಳಿಯುತ್ತಿರುವ ಲಾರಿ. ಇಂಥವೂ ಎಷ್ಟು ಅಂತ ಎಣಿಸಿ. ಮಾಲ್ ಗೇಟು ತಪ್ಪು ಜಾಗದಲ್ಲಿ ಬಂದರೆ ಇದೇ ಜಾಸ್ತಿ ಆಗುವುದು.

ಇನ್ನು ಫೈಲು ಹುಡುಕುವ ಕೆಲಸ. ಜಮೀನಿನ ಬಳಕೆ ವಾಣಿಜ್ಯಕ್ಕೆ ಬದಲಾಗಬೇಕಿದ್ದರೆ ಅದು ದೂಡಾಕ್ಕೆ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಹೋಗುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು, ಕನಿಷ್ಠ 15 ದಿನ. ಸಣ್ಣಕ್ಷರದ ಜಾಹೀರಾತು ಅದು, ಹುಡುಕಿ ಓದಬೇಕು. ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮತ್ತು ಮೇಲಿದ್ದರೆ ಪರಿಸರ ಅನುಮತಿಯೂ ಬೇಕು. ಆದರೆ ಇಂಥ ಕಟ್ಟಡಗಳಿಗೆ ಅಲ್ಲಿ ಸಾರ್ವಜನಿಕ ವಿಚಾರಣೆ ಇರುವುದಿಲ್ಲ, ಅದನ್ನು ಕಾಯುತ್ತಾ ಕೂರಬೇಡಿ.

ನನ್ನ ಪ್ರಕಾರ ನಿಜವಾದ ಕೀಲಿ ಇರುವುದು ಹೆದ್ದಾರಿ ಪ್ರವೇಶದ ಅನುಮತಿಯಲ್ಲಿ. ನಮ್ಮ ಬೈಪಾಸ್ ಅಂದರೆ ಹಳೇ ಎನ್‌ಎಚ್ 4, ಈಗಿನ 48, ರಾಷ್ಟ್ರೀಯ ಹೆದ್ದಾರಿ ಅಲ್ವಾ, ಅದಕ್ಕೆ ಸುಮ್ನೆ ಗೇಟು ತೆರೆಯಲು ಬರಲ್ಲ. 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಅನುಮತಿ ಪಡೆಯಬೇಕು. ಆ ಅನುಮತಿ, ಅದರ ನಕ್ಷೆ ಎರಡರ ಪ್ರತಿಯನ್ನೂ ಹೆದ್ದಾರಿ ಪ್ರಾಧಿಕಾರದಿಂದ ಆರ್‌ಟಿಐನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ದೂಡಾಕ್ಕೆ ಹಾಕುವುದಾದರೆ ರಾಜ್ಯದ ನಿಯಮ ಬೇರೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಆಕ್ಷೇಪಣೆಯಲ್ಲಿ "ಮಾಲ್ ಬೇಡ" ಅಂತ ಬರೆದರೆ ಅಭಿವೃದ್ಧಿ ವಿರೋಧಿ ಅನ್ನುವ ಹಣೆಪಟ್ಟಿ ಗ್ಯಾರಂಟಿ. ಏನು ಬೇಕು ಅಂತ ಬರೆಯಿರಿ. ಗೇಟು ಹೆದ್ದಾರಿ ಇಳಿಯುವ ರ‍್ಯಾಂಪಿನ ಬಾಯಲ್ಲಿ ಬೇಡ, ಸರ್ವಿಸ್ ರಸ್ತೆಯಲ್ಲಿ ದೂರ ಇರಲಿ. ಪಾರ್ಕಿಂಗ್ ಚೀಟಿ ಕೊಡುವ ಜಾಗ ಕಾಂಪೌಂಡಿನ ಸಾಕಷ್ಟು ಒಳಗಿರಲಿ, ಭಾನುವಾರ ಸಂಜೆಯ ಸಾಲು ಅವರ ಜಾಗದಲ್ಲೇ ನಿಲ್ಲಲಿ, ರಸ್ತೆಯಲ್ಲಲ್ಲ. ಸರಕಿನ ಲಾರಿಗೆ ಬೇರೆ ದಾರಿ, ಬೇರೆ ಹೊತ್ತು.

ಇದರ ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೂ ಹೋಗಲಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು. ಎಣಿಕೆಯ ಪುಟಗಳ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ಕೊಡಬೇಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ, "ನಾಳೆ ಬನ್ನಿ" ಅಂದರೂ ಸರಿ.