ಬಿಚ್ಚುವ ಮೊದಲು ಕಿವಿ ಕೊಡಿ: ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸ್ ತೊಂದರೆ ಪತ್ತೆ ಹಚ್ಚುವುದು ಹೇಗೆ?

ಕೊಡಗಿನಲ್ಲಿ ಹಳೆಯ ಫೋರ್ ವೀಲ್ ಜೀಪಿಗೆ ಇನ್ನೂ ಬಿಡುವಿಲ್ಲ. ಕಾಫಿ ಮೂಟೆ, ಗೊಬ್ಬರ, ಕೆಲಸದವರು, ಮಾಂದಲ್‌ಪಟ್ಟಿಗೆ ಹೋಗುವ ಪ್ರವಾಸಿಗರು, ಎಲ್ಲಕ್ಕೂ ಅದೇ ಬೇಕು. ಅಂಥ ಜೀಪು ಕೆಳಗಿನಿಂದ ಗುಂಯ್ ಎನ್ನತೊಡಗಿದರೆ ಮಾಲೀಕರು ಸೀದಾ ಗ್ಯಾರೇಜಿಗೆ ಹೋಗಿ "ಟ್ರಾನ್ಸ್‌ಫರ್ ಹೋಗಿದೆ, ಇಳಿಸಿ" ಅನ್ನುತ್ತಾರೆ. ಟ್ರಾನ್ಸ್‌ಫರ್ ಕೇಸ್ ಅಂದರೆ ಗೇರ್ ಬಾಕ್ಸಿನ ಹಿಂದಿದ್ದು ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಆ ಪೆಟ್ಟಿಗೆ ಇಳಿಯುತ್ತದೆ, ಬೇರಿಂಗ್ ಬದಲಾಗುತ್ತದೆ, ಬಿಲ್ಲೂ ಬರುತ್ತದೆ. ಶಬ್ದ ಮಾತ್ರ ಹಾಗೇ ಇರುತ್ತದೆ. ಸವೆದದ್ದು ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಕೀಲು! ಇದನ್ನು ಎಷ್ಟೋ ಸಲ ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಸಿಜೆ 3ಬಿ ಸಾಲಿನ ಹಳೆಯ ಜೀಪುಗಳ ಬಗ್ಗೆ. ಗೇರ್ ಲಿವರ್ ಪಕ್ಕದಲ್ಲಿ ಎರಡು ಸಣ್ಣ ಲಿವರ್ ಇರುವಂಥವು. ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಹೈ-ಲೋಗೆ, ಅಂದರೆ ಮಾಮೂಲಿ ಓಟಕ್ಕೆ ಹೈ, ಕಡಿದಾದ ಏರಿಗೆ ಲೋ.

ಮೊದಲು ಜೀಪು ಉರುಳದಂತೆ ನೋಡಿಕೊಳ್ಳಿ

ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿದ್ದರೆ ಗೇರಿನಲ್ಲಿ ನಿಲ್ಲಿಸಿದ್ದರೂ ಜೀಪು ಉರುಳುತ್ತದೆ. ಚಕ್ರಕ್ಕೂ ಗೇರ್ ಬಾಕ್ಸಿಗೂ ಆಗ ಸಂಬಂಧವೇ ಇರುವುದಿಲ್ಲ. ಹ್ಯಾಂಡ್ ಬ್ರೇಕನ್ನೂ ಪೂರ್ತಿ ನಂಬಬೇಡಿ. ಈ ಜೀಪುಗಳಲ್ಲಿ ಅದರ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು ಹಿಂದಿನ ಶಾಫ್ಟನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿದಿರೋ, ಎತ್ತಿದ ಚಕ್ರ ಸುಮ್ನೆ ತಿರುಗುತ್ತದೆ, ನೆಲದ ಮೇಲಿನದ್ದೂ ಉರುಳುತ್ತದೆ. ನಮ್ಮ ಅಂಗಳಗಳಲ್ಲಿ ಇಳಿಜಾರಿಲ್ಲದ ಜಾಗ ಎಲ್ಲಿದೆ? ನಾಲ್ಕೂ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಎಂಜಿನ್ ಓಡುತ್ತಿರುವಾಗ ಕೆಳಗೆ ನುಗ್ಗಬೇಡಿ.

ಆಯಿಲ್

ಜೀಪು ಸಮತಟ್ಟಿನಲ್ಲಿರಲಿ. ಟ್ರಾನ್ಸ್‌ಫರ್ ಕೇಸಿನಲ್ಲಿ ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚಿ ಕಿರುಬೆರಳು ಹಾಕಿ. ಆಯಿಲ್ ತೂತಿನ ಅಂಚಿಗೆ ಸಿಗಬೇಕು. ಸಿಗದಿದ್ದರೆ ಉಳಿದ ಪರೀಕ್ಷೆ ಆಮೇಲೆ, ಮೊದಲು ತುಂಬಿಸಿ ಓಡಿಸಿ ನೋಡಿ. ಗೇರ್ ಬಾಕ್ಸಿನ ಆಯಿಲನ್ನೂ ಆಗಲೇ ನೋಡಿಕೊಳ್ಳಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಉಕ್ಕುತ್ತಿದ್ದರೆ ನಡುವೆ ದಾರಿ ಆಗಿದೆ ಎಂದರ್ಥ.

ನಂತರ ಸ್ವಲ್ಪ ಆಯಿಲನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ನುಣ್ಣನೆಯ ಕೆಸರು ಹಳೆಯ ಗೇರಿನಲ್ಲಿ ಸಹಜ. ಮಿನುಗುವ ಚೂರು, ಸೂಜಿಯಂಥ ತುಂಡು ಕಂಡರೆ ಬೇರಿಂಗ್ ಪುಡಿಯಾಗಿದೆ. ಹಳದಿ ಚೂರಾದರೆ ವಾಷರ್ ಸವೆದಿದೆ. ಹಾಲು ಬೆರೆಸಿದಂತಿದ್ದರೆ ನೀರು ಹೋಗಿದೆ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೋಡು ದಾಟುವ ಜೀಪುಗಳಲ್ಲಿ ಇದು ಜಾಸ್ತಿ. ಬ್ರೀದರ್ (ಪೆಟ್ಟಿಗೆಯ ಗಾಳಿ ಆಡುವ ತೂತು) ಕಟ್ಟಿಕೊಂಡಿದೆಯಾ ಎಂದು ನೋಡಿ.

ಹಾಕಬೇಕಾದ್ದು 90ರ ಗೇರ್ ಆಯಿಲ್, ಜಿಎಲ್-4 ದರ್ಜೆಯದು. ಶಬ್ದ ಅಡಗಲಿ ಎಂದು ಇನ್ನೂ ಗಟ್ಟಿಯಾದ 140 ಹಾಕುವುದು, ಗ್ರೀಸ್ ತುಂಬುವುದು, ಅಂಗಡಿಯ "ಗೇರ್ ಟ್ರೀಟ್‌ಮೆಂಟ್" ಬಾಟಲಿ ಸುರಿಯುವುದು ಖಂಡಿತ ಬೇಡ. ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳುವಾಗ ಆಯಿಲ್ ಗ್ರೀಸಿನಂತೆ ಗಟ್ಟಿಯಾಗಿದ್ದರೆ ವಾಪಸ್ ಬನ್ನಿ.

ಶಬ್ದ ಯಾವ ಪೆಟ್ಟಿಗೆಯದು?

ಎಲ್ಲರೂ ಎಡವುವುದು ಇಲ್ಲೇ. ಅವಸರ ಬೇಡ. ರೇಡಿಯೋ ಆಫ್ ಮಾಡಿ, ಜೀಪಿನಲ್ಲಿ ಗಡಗಡ ಎನ್ನುವ ಜಾಕ್, ಸ್ಪ್ಯಾನರ್ ಎಲ್ಲ ಕೆಳಗಿಳಿಸಿ.

ನಿಂತಲ್ಲೇ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಿಸಿ. ಕ್ಲಚ್ ಒತ್ತಿದಾಗ ಮಾತ್ರ ಶಬ್ದ ಬಂದರೆ ಅದು ಕ್ಲಚ್ ಬೇರಿಂಗ್. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್ ಬಾಕ್ಸ್. ಎರಡೂ ಇಲ್ಲವೆಂದರೆ ಮುಂದಕ್ಕೆ.

ಈಗ ಹೈ-ಲೋ ಲಿವರನ್ನು ನ್ಯೂಟ್ರಲ್‌ಗೆ ತನ್ನಿ, ಗೇರನ್ನು ಟಾಪಿಗೆ ಹಾಕಿ ಕ್ಲಚ್ ನಿಧಾನ ಬಿಡಿ. ಜೀಪು ನಿಂತೇ ಇರುತ್ತದೆ. ಒಳಗೆ ಗೇರ್ ಬಾಕ್ಸಿನ ಮೇನ್ ಶಾಫ್ಟೂ ಟ್ರಾನ್ಸ್‌ಫರಿನ ನಡುವಿನ ಗೇರೂ ತಿರುಗುತ್ತಿರುತ್ತವೆ. ಟಾಪಿನಲ್ಲೇ ಯಾಕೆ ಅಂದರೆ, ಅಲ್ಲಿ ಶಾಫ್ಟ್ ನೇರವಾಗಿ ತಿರುಗುತ್ತದೆ, ಗೇರ್ ಬಾಕ್ಸಿನ ಹಲ್ಲುಗಳ ಮೇಲೆ ಭಾರ ಬೀಳದು. ಮೊದಲು ಇಲ್ಲದ ಶಬ್ದ ಈಗ ಬಂತೇ? ಮೊದಲ ಸಂಶಯ ನಡುವಿನ ಗೇರಿನ ಮೇಲೆ, ಆಮೇಲೆ ಮೇನ್ ಶಾಫ್ಟಿನ ಹಿಂದಿನ ಬೇರಿಂಗ್ ಮೇಲೆ. ಈ ಜೀಪುಗಳಲ್ಲಿ ಟೂ ವೀಲ್ ಹೈನಲ್ಲಿ ಓಡುವಾಗಲೂ ಶಕ್ತಿ ಈ ಗೇರಿನ ಮೂಲಕವೇ ಹೋಗಬೇಕು. ಬೇಗ ಸವೆಯುವುದು ಅದಕ್ಕೇ.

ನಿಂತಾಗ ಮೌನ, ಓಡುವಾಗ ಮಾತ್ರ ಗುಂಯ್ ಎಂದರೆ ಸಮತಟ್ಟಾದ ಖಾಲಿ ರಸ್ತೆ ಬೇಕು. ಕುಶಾಲನಗರದ ಕಡೆ ಸಿಗುತ್ತದೆ, ಮಡಿಕೇರಿಯ ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಮೂವತ್ತರ ವೇಗದಲ್ಲಿ ಕ್ಲಚ್ ಒತ್ತಿ ಹೈ-ಲೋ ಲಿವರನ್ನು ನ್ಯೂಟ್ರಲ್‌ಗೆ ಎಳೆಯಿರಿ. ಈಗ ತಿರುಗುತ್ತಿರುವುದು ಟ್ರಾನ್ಸ್‌ಫರಿನ ಔಟ್‌ಪುಟ್ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಚಕ್ರ ಇಷ್ಟೇ. ಶಬ್ದ ಮುಂದುವರಿದರೆ ತೊಂದರೆ ಇವುಗಳಲ್ಲಿದೆ. ನಿಂತರೆ ನಡುವಿನ ಗೇರಿಗೇ ವಾಪಸ್ ಬನ್ನಿ, ಭಾರ ಬಿದ್ದಾಗ ಮಾತ್ರ ಕೂಗುವ ಗೇರುಗಳೂ ಇವೆ.

ಎಂಜಿನ್ ಆಫ್ ಮಾಡಿ ಕೆಳಗೆ ಹೋಗಿ. ಕ್ರಾಸಿನ ಎರಡೂ ಬದಿ ಹಿಡಿದು ತಿರುಚಿ. ಸ್ವಲ್ಪ ಆಡಿದರೂ ಕ್ರಾಸ್ ಬದಲಿಸಿ, ಅಗ್ಗದ ವಿಷಯ. ಆಮೇಲೆ ಹ್ಯಾಂಡ್ ಬ್ರೇಕ್ ಸಡಿಲ ಬಿಟ್ಟು ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ, ಕೆಳಕ್ಕೆ ಅಲುಗಾಡಿಸಿ. ಟಕ್ ಎಂದರೆ ಔಟ್‌ಪುಟ್ ಬೇರಿಂಗ್ ಅಥವಾ ಯೋಕಿನ (ಕ್ರಾಸ್ ಕೂರುವ ಕವಲು) ನಟ್ ಸಡಿಲ. ಮೊದಲು ನಟ್ ನೋಡಿ. ಡ್ರಮ್ಮಿನ ಒಳಗೆ ಆಯಿಲ್ ಜಿನುಗಿದ್ದರೆ ಹಿಂದಿನ ಸೀಲ್ ಹೋಗಿದೆ. ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ ಎಂದು ಲೈನಿಂಗ್ ಬದಲಿಸುತ್ತಲೇ ಇರುವವರು ಇದನ್ನು ಗಮನಿಸಬೇಕು.

ತೊಂದರೆಯಲ್ಲದ ತೊಂದರೆಗಳು

ಲೋ ಬೀಳುತ್ತಿಲ್ಲವೇ? ಮುಂದಿನ ಚಕ್ರದ ಲಿವರ್ ಹಾಕಿದ್ದೀರಾ ನೋಡಿ. ಅದಿಲ್ಲದೆ ಲೋ ಬೀಳದಂತೆ ಒಳಗೇ ತಡೆ ಇದೆ. ಫೋರ್ ವೀಲ್ ಬಿಡಿಸಲು ಲಿವರ್ ಬಿಗಿಯಾಗಿದ್ದರೆ ಡಾಂಬರಿನ ಮೇಲೆ ಓಡಿಸಿದ್ದೀರಿ, ಸ್ವಲ್ಪ ರಿವರ್ಸ್ ಹೋಗಿ, ಸಡಿಲವಾಗುತ್ತದೆ. ಹಿಂದೆ ಮುಂದೆ ಬೇರೆ ಬೇರೆ ಎತ್ತರದ ಟೈರ್ ಹಾಕಿದ್ದರೂ ಇದೇ ಕಥೆ. ಮುಂದಿನ ಚಕ್ರ ಎಳೆಯುತ್ತಿಲ್ಲ ಎಂದರೆ ಮೊದಲು ಆ ಚಕ್ರದ ನಡುವಿನ ಹಬ್ ಲಾಕ್ ಆಗಿದೆಯಾ ನೋಡಿ.

ಏರಿನಲ್ಲಿ ಹೈ-ಲೋ ಲಿವರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಮಾತ್ರ ಅದು ನಿಜವಾದ ತೊಂದರೆ, ಅಪಾಯವೂ ಹೌದು. ಆಗಲೂ ಮೊದಲು ಗೇರ್ ಬಾಕ್ಸಿನ ಮೌಂಟಿಂಗ್ ರಬ್ಬರ್ ನೋಡಿ. ರಬ್ಬರ್ ಸತ್ತಿದ್ದರೆ ಭಾರ ಬಿದ್ದಾಗ ಪೆಟ್ಟಿಗೆ ವಾಲುತ್ತದೆ, ಲಿವರ್ ಫ್ಲೋರಿಗೆ ತಾಗಿ ಜಾರುತ್ತದೆ. ಅದು ಸರಿಯಿದ್ದರೆ ಲಿವರ್ ರಾಡಿನ ಗುಂಡು, ಸ್ಪ್ರಿಂಗ್. ಕೊನೆಗೆ ಫೋರ್ಕ್ ಮತ್ತು ಗೇರಿನ ಹಲ್ಲು.

ಬಿಚ್ಚಲೇಬೇಕಾದರೆ

ನಡುವಿನ ಗೇರಿಗೆ ಪೂರ್ತಿ ಪೆಟ್ಟಿಗೆ ಇಳಿಸಬೇಕಿಲ್ಲ. ಕೆಳಗಿನ ತಟ್ಟೆ, ಹಿಂಬದಿಯ ಲಾಕ್ ಪ್ಲೇಟ್ ಬಿಚ್ಚಿದರೆ ಶಾಫ್ಟ್ ಹೊರಗೆ ಬರುತ್ತದೆ. ಉಗುರು ತಾಗುವಷ್ಟು ಗೀರು ಬಿದ್ದಿದ್ದರೆ ಶಾಫ್ಟ್, ಸೂಜಿ ಬೇರಿಂಗ್, ವಾಷರ್ ಮೂರನ್ನೂ ಬದಲಿಸಿ, ಒಂದನ್ನೇ ಹಾಕಿ ಉಳಿಸಲು ಹೋಗಬೇಡಿ. ಎಲ್ಲ ಜೀಪಿಗೂ ಒಂದೇ ದಪ್ಪದ ಶಾಫ್ಟ್ ಬರುವುದಿಲ್ಲ, ಹಳೆಯದನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ. ಔಟ್‌ಪುಟ್ ಬೇರಿಂಗ್ ಹೊಸದಾದರೆ ಹಳೆಯ ಶಿಮ್ಮುಗಳನ್ನು (ಸಂದು ಸರಿಪಡಿಸುವ ತೆಳು ತಗಡು) ಕಣ್ಣು ಮುಚ್ಚಿ ವಾಪಸ್ ಹಾಕಿಸಬೇಡಿ. ಶಾಫ್ಟ್ ಹಿಂದೆ ಮುಂದೆ 0.1ರಿಂದ 0.2 ಮಿ.ಮೀ. ಆಡಬೇಕು. ಡಯಲ್ ಗೇಜ್ ಇಟ್ಟು ಅಳೆಯುವ ಮೆಕ್ಯಾನಿಕ್‌ಗೆ ಮಾತ್ರ ಈ ಕೆಲಸ ಕೊಡಿ, ಅದಕ್ಕಾಗಿ ಗೋಣಿಕೊಪ್ಪದಿಂದ ಮಡಿಕೇರಿಗೆ ಹೋಗಬೇಕಾಗಿ ಬಂದರೂ ಸರಿ.