ರಾತ್ರಿ ಪಾಳಿಯ ನೆರೆಮನೆ, ನನ್ನ ಐದು ಹೇಂಟೆಗಳು

ಹಾಸನದ ವಿದ್ಯಾನಗರದ ನಮ್ಮ ಹಿತ್ತಲಲ್ಲಿ ನಾಲ್ಕು ನಾಟಿ ಹೇಂಟೆಗಳೂ ಗಿರಿರಾಜ ತಳಿಯದೊಂದು ಹೇಂಟೆಯೂ ಇವೆ. ಮೊದಲು ಒಂದು ಹುಂಜವೂ ಇತ್ತು. ನಸುಕಿನ ನಾಲ್ಕಕ್ಕೇ ಕೂಗುತ್ತಿದ್ದುದರಿಂದ, ಯಾರೂ ಹೇಳುವ ಮೊದಲೇ ಆಲೂರಿನ ತವರಿಗೆ ಕಳುಹಿಸಿದೆ. ಹುಂಜವಿಲ್ಲದೆ ಮೊಟ್ಟೆ ಇಟ್ಟಾವೇ ಎಂದು ಅತ್ತೆಗೆ ಚಿಂತೆ. ಇಡುತ್ತವೆ, ಆ ಮೊಟ್ಟೆಯಿಂದ ಮರಿಯಾಗುವುದಿಲ್ಲ, ಅಷ್ಟೆ.

ಆದರೂ ದೂರು ಬಂತು. ಪಕ್ಕದ ಮನೆಯ ಹುಡುಗಿ ಆಸ್ಪತ್ರೆಯಲ್ಲಿ ನರ್ಸ್. "ಅಕ್ಕಾ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಹತ್ತು ಗಂಟೆಗೆಲ್ಲ ನಿಮ್ಮ ಕೋಳಿಗಳು ಎಬ್ಬಿಸುತ್ತವೆ" ಎಂದಳು. ಕಣ್ಣು ಕೆಂಪಾಗಿತ್ತು. ಆ ಸಂಜೆ ಆರು ಮೊಟ್ಟೆ ಕೊಟ್ಟು ಬಂದೆ. ಹಾಗೆ ಮಾಡಬಾರದಿತ್ತು. ಮತ್ತೆ ದೂರಲು ಅವಳಿಗೆ ಸಂಕೋಚವಾಯಿತೇ ಹೊರತು ನಿದ್ದೆಯೇನೂ ಬರಲಿಲ್ಲ.

ಒಂದು ವಾರ ಗದ್ದಲದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಹೆಚ್ಚಿನದು ಒಂಬತ್ತರಿಂದ ಹನ್ನೆರಡರ ನಡುವೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕಾದ್ದರಿಂದ ಇಡುವ ಹೊತ್ತು ದಿನದಿಂದ ದಿನಕ್ಕೆ ಮುಂದಕ್ಕೆ ಸರಿಯುತ್ತದೆ. ಮೊಟ್ಟೆ ಇಟ್ಟ ಹೇಂಟೆ ಕೇಕೆ ಹಾಕುವುದನ್ನು ತಡೆಯಲಾಗದು, ತಡೆಯಲೂಬಾರದು. ಆದರೆ ಕೂತು ನೋಡಿದಾಗ ತಿಳಿಯಿತು: ಅರ್ಧದಷ್ಟು ಕೂಗು ಮೊಟ್ಟೆ ಇಟ್ಟ ಮೇಲಿನದಲ್ಲ, ಇಡಲು ಜಾಗ ಸಿಗದೆ ಹೊರಡಿಸಿದ್ದು. ಇದ್ದದ್ದು ಒಂದೇ ಬುಟ್ಟಿ. ಒಂದು ಒಳಗೆ ಕೂತಿದ್ದರೆ ಮತ್ತೆರಡು ಎದುರು ನಿಂತು ಅರಚುತ್ತಿದ್ದವು.

ಇನ್ನೆರಡು ಬುಟ್ಟಿಗೆ ಹುಲ್ಲು ಹಾಸಿ ಕತ್ತಲ ಮೂಲೆಯಲ್ಲಿಟ್ಟೆ. ಮೂರು ದಿನ ಯಾವುದೂ ಹತ್ತಿರ ಸುಳಿಯಲಿಲ್ಲ. ಮಗನ ಟೇಬಲ್ ಟೆನಿಸ್ ಚೆಂಡುಗಳನ್ನು ಮೊಟ್ಟೆಯಂತೆ ಒಳಗಿಟ್ಟ ಮೇಲೆ ಕಪ್ಪು ಹೇಂಟೆ ಮೊದಲು ಹೋಗಿ ಕೂತಿತು. ಅಂದಿನಿಂದ ಜಗಳ ನಿಂತಿತು.

ಗೂಡು ಇದ್ದದ್ದು ಅವಳು ಮಲಗುವ ಕೋಣೆಯ ಕಿಟಕಿಯ ಪಕ್ಕದ ಕಾಂಪೌಂಡಿಗೆ ಒತ್ತಿಕೊಂಡು. ಅದನ್ನು ಕಿತ್ತು ಒಗೆಯುವ ಕಲ್ಲಿನಾಚೆ, ಸೀಬೆ ಮರದ ಕೆಳಗೆ ಕಟ್ಟಿಸಿದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಮೊದಲ ದಿನವೇ ಮಾಡಬೇಕಿತ್ತು. ಬೆಳಕು ಕಂಡೊಡನೆ ಕೂಗಾಡುವುದರಿಂದ ರಾತ್ರಿ ಮುಂಭಾಗಕ್ಕೆ ಗೋಣಿತಾಟು ಇಳಿಬಿಡುತ್ತೇನೆ, ಗಾಳಿಯಾಡಲು ಮೇಲ್ಭಾಗ ತೆರೆದಿರುತ್ತದೆ. ನೆಲಕ್ಕೆ ಭತ್ತದ ಹೊಟ್ಟು; ಮಳೆಗಾಲದಲ್ಲಿ ಒದ್ದೆಯಾದರೆ ಅಂದೇ ಬದಲಿಸುತ್ತೇನೆ, ಇಲ್ಲದಿದ್ದರೆ ವಾಸನೆಯ ದೂರೂ ಸೇರುತ್ತದೆ.

ಕೂಗಿದಾಗಲೆಲ್ಲ ರಾಗಿ ಎರಚಿ ಸುಮ್ಮನಾಗಿಸುತ್ತಿದ್ದದ್ದನ್ನೂ ಬಿಟ್ಟೆ. ಕೂಗಿದರೆ ಕಾಳು ಸಿಗುತ್ತದೆಂದು ಗಿರಿರಾಜ ಕಲಿತುಬಿಟ್ಟಿತ್ತು. ಈಗ ಒಂಬತ್ತಕ್ಕೆ ಮುಂಚೆಯೇ ಸೊಪ್ಪಿನ ಕಟ್ಟನ್ನು ಮರಕ್ಕೆ ತೂಗುಹಾಕುತ್ತೇನೆ, ಕುಕ್ಕುತ್ತಾ ಇರುತ್ತವೆ.

ಪ್ರತಿ ತಿಂಗಳೂ ಅವಳು ತನ್ನ ಪಾಳಿಯ ಪಟ್ಟಿಯನ್ನು ಮೊಬೈಲಿಗೆ ಕಳುಹಿಸುತ್ತಾಳೆ. ರಾತ್ರಿ ಪಾಳಿಯ ಮರುದಿನ ಕೋಳಿಗಳನ್ನು ಅವಳ ಕಿಟಕಿಯ ಕಡೆಗೆ ಬಿಡುವುದಿಲ್ಲ, ಮಧ್ಯಾಹ್ನ ಎರಡರವರೆಗೆ ಬಲೆ ಕಟ್ಟಿರುತ್ತೇನೆ.