ಸ್ಟ್ರಿಪ್ ಆದ ಪ್ರೋಗ್ರಾಮಿನೊಳಗೆ ಸೋರ್ಸ್ ಫೈಲ್ ಹೆಸರು ಸಿಕ್ಕಿತು

"ಏನೂ ಸಿಗಂಗಿಲ್ಲ ತಗೋ, ಸ್ಟ್ರಿಪ್ ಮಾಡ್ಯಾರ" ಅಂತ ಹುಬ್ಬಳ್ಳಿಯ ಗೆಳೆಯರು ಮೂವರೂ ಹೇಳಿದ್ದರು. ಸಿಕ್ಕಿತು. ಸ್ಟ್ರಿಪ್ ಅಂದ್ರೆ ತಯಾರಾದ ಪ್ರೋಗ್ರಾಮಿನೊಳಗಿನ ಹೆಸರಿನ ಗುರುತುಗಳನ್ನು ತೆಗೆದುಹಾಕೋದು. ಆದರೂ ಸಿಕ್ಕಿದ್ದು ಬರೀ ಸೋರ್ಸ್ (ಮೂಲ ಕೋಡ್) ಫೈಲ್ ಹೆಸರಲ್ಲ, ಸಾಲಿನ ನಂಬರ್ ಸಮೇತ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ತೂಕದ ಪ್ರೋಗ್ರಾಮ್ ಅದು. ಚೀಟಿ ಮತ್ತೊಮ್ಮೆ ಪ್ರಿಂಟ್ ಕೊಟ್ಟರೆ ಚೀಲದ ತೂಕ ಎರಡು ಸಲ ಕಳೆಯುತ್ತಿತ್ತು. ಬರೆದವರು ಊರು ಬಿಟ್ಟಿದ್ದಾರೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಸೋರ್ಸಿನ ಮೂರು ಫೋಲ್ಡರ್, ಯಾವುದರಿಂದ ಈ ಬೈನರಿ (ಓಡುವ ಪ್ರೋಗ್ರಾಮ್ ಫೈಲ್) ಆಯ್ತೋ ಯಾರಿಗೂ ಗೊತ್ತಿಲ್ಲ. ನನಗಿಂತ ಮುಂಚೆ ಒಬ್ಬರು 8 ಸಾವಿರ ಅಡ್ವಾನ್ಸ್ ತಗೊಂಡು, "ಹೊಸದಾಗಿ ಬರೆಸ್ರಿ ಸಾವ್ಕಾರ್ರ" ಅಂದು ಹೋಗಿದ್ದರು.

ಮೊದಲ ಎರಡು ರಾತ್ರಿ ದಂಡ. ಬೈನರಿಯೊಳಗಿನ ಅಕ್ಷರ ತೋರಿಸುವ ಸ್ಟ್ರಿಂಗ್ಸ್ ಹಾಕಿ, ಸಿ ಭಾಷೆಯ ಫೈಲ್ ಹೆಸರಿನ ಕೊನೆಗಿರುವ 'ಡಾಟ್ ಸಿ' ಗ್ರೆಪ್ ಮಾಡಿ ಹುಡುಕಿದರೆ ಸೊನ್ನೆ. ರೀಡ್‌ಎಲ್ಫ್ (ಬೈನರಿಯ ರಚನೆ ತೋರಿಸುವ ಟೂಲ್) ನೋಡಿದಾಗ ಅನುಮಾನ ಬಂತು, ಬೈನರಿಯ ವಿಭಾಗಗಳ ಪಟ್ಟಿಯಲ್ಲಿ ಸೆಕ್ಷನ್ ಒಂದೂ ಇಲ್ಲ. ಸ್ಟ್ರಿಪ್ ಸಿಂಬಲ್ ತೆಗೆಯುತ್ತೆ, ಡೀಬಗ್ ತೆಗೆಯುತ್ತೆ, ಪ್ರೋಗ್ರಾಮಿನ ಸ್ಥಿರ ಅಕ್ಷರಗಳಿರುವ ರೋಡೇಟಾ ಸೆಕ್ಷನ್ ಮುಟ್ಟಲ್ಲ. ಅಂದ್ರೆ ಯಾರೋ ಪ್ಯಾಕ್ ಮಾಡಿದ್ದಾರೆ, ಒತ್ತಿ ಚಿಕ್ಕದಾಗಿಸಿದ್ದಾರೆ. ಆ ಕೆಲಸ ಮಾಡುವ ಯುಪಿಎಕ್ಸ್! ಅದಕ್ಕೆ ಬಿಚ್ಚುವ ಆದೇಶ ಮೈನಸ್ ಡಿ ಕೊಟ್ಟೆ, ಬಿಚ್ಚಲಿಲ್ಲ. ಅದು ಗುರುತು ಹಿಡಿಯುವ ಹೆಡರ್ ಬೇಕಂತಲೇ ಕೆಡಿಸಿಟ್ಟಿದ್ದರು.

ಆದರೆ ಓಡುವಾಗ ಮೆಮೊರಿಯಲ್ಲಿ ಬಿಚ್ಚಿಕೊಳ್ಳಲೇಬೇಕು, ಅಲ್ವಾ? ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ನೋಡುವ ಜಿಡಿಬಿ ಹಚ್ಚಿ ಮೆಮೊರಿಯ ಡಂಪ್ (ನಕಲು) ತೆಗೆದೆ. ಎಲ್ಲಿ ನಿಲ್ಲಿಸಿದೆ ಅನ್ನೋದನ್ನು ಮಾತ್ರ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಡಂಪಿನಲ್ಲಿ 'ತೂಕ ಡಾಟ್ ಸಿ' ಎದ್ದು ಕಂಡಿತು. ಎನ್‌ಡೀಬಗ್ (ಅಸರ್ಟ್ ತೆಗೆಯುವ ಸೂಚನೆ) ಹಾಕದೆ ಬಿಲ್ಡ್ ಮಾಡಿದ್ದರಿಂದ, ಷರತ್ತು ತಪ್ಪಿದರೆ ಫೈಲ್, ಸಾಲು ಹೇಳಿ ಪ್ರೋಗ್ರಾಮ್ ನಿಲ್ಲಿಸುವ ಅಸರ್ಟ್‌ಗಳೆಲ್ಲ ಉಳಿದಿದ್ದವು, ಅವುಗಳ ಜೊತೆ ಫೈಲ್ ಹೆಸರೂ.

ಆ ಹೆಸರಿನ ಫೈಲ್ ಮೂರೂ ಫೋಲ್ಡರಿನಲ್ಲಿ ಇತ್ತು! ಸುಮ್ನೆ ಕೂರಲಿಲ್ಲ. ಬೈನರಿಯನ್ನು ಓದಲು ಬರುವಂತೆ ಬಿಡಿಸುವ ಗಿಡ್ರಾದಲ್ಲಿ ಅಸರ್ಟ್ ಫೇಲ್ ಕಾಲ್‌ಗಳನ್ನು ಹುಡುಕಿದೆ. ಆ ಕಾಲ್‌ಗೆ ಕೊಡುವ ಮೂರನೇ ಆರ್ಗ್ಯುಮೆಂಟ್ (ಮೌಲ್ಯ) ಸಾಲಿನ ನಂಬರ್. ಒಂದು ಕಡೆ ಆ ಮೌಲ್ಯ ಒಯ್ಯುವ ಪ್ರೊಸೆಸರ್ ರಿಜಿಸ್ಟರ್ ಇಡಿಎಕ್ಸ್‌ಗೆ ಹೆಕ್ಸ್ 19ಇ ಹೋಗುತ್ತಿತ್ತು, ಅಂದ್ರೆ 414. ಒಂದು ಫೋಲ್ಡರಿನಲ್ಲಿ 414ನೇ ಸಾಲು ಖಾಲಿ, ಇನ್ನೊಂದರಲ್ಲಿ ಕಾಮೆಂಟ್. ಎಲ್ಲರೂ ಕಸ ಅಂದಿದ್ದ ಬ್ಯಾಕಪ್ ಫೋಲ್ಡರಿನಲ್ಲಿ ಸರಿಯಾಗಿ ಅಸರ್ಟ್. 15-16 ಕಾಲ್ ತಾಳೆ ನೋಡಿದೆ, ಎಲ್ಲವೂ ಕೂಡಿದವು.

ಇದೇ ನೆಪದಲ್ಲಿ ನನ್ನ ಹಳೇ ಬೈನರಿಗಳನ್ನೂ ಕೆದಕಿದೆ. ಬಿಲ್ಡ್ ಟೂಲ್ ಸಿಮೇಕ್ ಸಾಮಾನ್ಯವಾಗಿ ಕಂಪೈಲರಿಗೆ ಫೈಲಿನ ಪೂರ್ತಿ ಪಾತ್ (ಫೋಲ್ಡರಿನ ದಾರಿ) ಕೊಡುತ್ತೆ. ಹಾಗಾಗಿ ನನ್ನ ಹೋಮ್ ಫೋಲ್ಡರಿನ ಹೆಸರು ಗಿರಾಕಿಗಳ ಮಷೀನಿಗೆಲ್ಲ ಹೋಗಿತ್ತು. ಈಗ ಆ ಪಾತಿನ ಮುಂಭಾಗ ಬದಲಿಸುವ ಮ್ಯಾಕ್ರೊ ಪ್ರಿಫಿಕ್ಸ್ ಮ್ಯಾಪ್ ಹಾಕುತ್ತೇನೆ, ಜಿಸಿಸಿ ಕಂಪೈಲರಿನ 8ನೇ ಆವೃತ್ತಿಯಿಂದ ಇದೆ. ಜಿಸಿಸಿ 12 ಇದ್ದರೆ ಫೈಲ್ ನೇಮ್ ಮ್ಯಾಕ್ರೊ ಪಾತ್ ಬಿಟ್ಟು ಬರೀ ಹೆಸರು ಕೊಡುತ್ತೆ, ಅದು ಇನ್ನೂ ಸಲೀಸು.

ಕೇಬಲ್ಲು, ಬಸ್ ಚಾರ್ಜು ಸೇರಿ ನನಗೆ ಸುಮಾರು 900 ಖರ್ಚು. ಆ ಬ್ಯಾಕಪ್ ಸೋರ್ಸಿನಲ್ಲೇ ತಪ್ಪು ತಿದ್ದಿ, ಗುರುವಾರದ ಪೇಟೆಗೆ ಮುಂಚೆ ಹೊಸ ಬೈನರಿ ಕೊಟ್ಟೆ. ಸಾವ್ಕಾರರು ಅದೇ ಚೀಟಿಯನ್ನು ನಾಲ್ಕು ಸಲ ಪ್ರಿಂಟ್ ಹೊಡೆದು ನೋಡಿದರು. ನಾಲ್ಕರಲ್ಲೂ ಒಂದೇ ತೂಕ. 6 ಸಾವಿರ ಎಣಿಸಿ ಕೊಟ್ಟು, ಮೇಲೆ ಎರಡು ಕಿಲೋ ಡಬ್ಬಿ ಮೆಣಸಿನಕಾಯಿ ಕಟ್ಟಿಸಿದರು.